ಅತ್ತೆಗೆ ಉಗಿದ ಸೊಸೆ

ನಮ್ಮತ್ತೆ ಶಿವರುದ್ರಮ್ಮನವರಿಗೆ ದೆವ್ವದ ಸಿನಿಮಾ ಎಂದರೆ ಪ್ರಾಣ. ನನಗೆ ಪ್ರಾಣಸಂಕಟ. ಆದರೂ ಮದುವೆಯಾಗಿ ಗುಬ್ಬಿಗೆ ಬಂದ ಲಾಗಾಯ್ತಿನಿಂದ ಅವರ ಪಕ್ಕ ಕೂತು ನಾನು ನೋಡದ ದೆವ್ವವಿಲ್ಲ. ಹುಣಸೆಮರದಲ್ಲಿ ತಲೆಕೆಳಗಾಗಿ ಜೋತುಬಿದ್ದದ್ದು, ಪಾದ ಹಿಂದುಮುಂದಾದದ್ದು, ಗೊಂಬೆಯೊಳಗೆ ಹೊಕ್ಕದ್ದು, ಬಾಣಂತಿಯ ಮೈಮೇಲೆ ಬಂದದ್ದು, ಎಲ್ಲವನ್ನೂ ನೋಡಿದ್ದೇನೆ. ಬೆರಳ ಸಂದಿಯಿಂದ ನೋಡಿದ್ದೇನೆ, ಅಷ್ಟೇ.

ನಮ್ಮ ಮನೆಯಲ್ಲಿ ದೆವ್ವಗಳ ಹೊತ್ತು ಮಧ್ಯಾಹ್ನ. ನಮ್ಮ ಯಜಮಾನರು ಸೋಮಶೇಖರ್ ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆಗೆ ಹೋಗಿರುತ್ತಾರೆ, ಮಗಳು ಸ್ಕೂಲಿಗೆ. ಮುದ್ದೆ ಉಂಡು, ಪಾತ್ರೆ ತೊಳೆದಿಟ್ಟು, ನಡುಮನೆಯ ಕಿಟಕಿಗೆ ಅತ್ತೆಯ ಹಳೇ ಕಪ್ಪು ಸೀರೆ ಅಡ್ಡ ಕಟ್ಟಿದರೆ ಕತ್ತಲೆ ಸಿದ್ಧ. ಅತ್ತೆ ದಿವಾನದ ಬಲತುದಿಗೆ, ನಾನು ಎಡತುದಿಗೆ. ಆಚೆ ಬೀದಿಯಲ್ಲಿ ಸೊಪ್ಪಿನವನು ಕೂಗುತ್ತಿರುತ್ತಾನೆ, ಒಳಗೆ ಟೀವಿಯಲ್ಲಿ ದೆವ್ವ ಕೂಗುತ್ತಿರುತ್ತದೆ.

ದೆವ್ವ ದಿಢೀರನೆ ಎದುರಿಗೆ ಬಂದಾಗ ನಾನು 'ಅಯ್ಯಮ್ಮಾ' ಎಂದು ಬೆಚ್ಚಿಬೀಳುತ್ತಿದ್ದೆ. ಅತ್ತೆ ಟೀವಿಯಿಂದ ಕಣ್ಣು ಕೀಳದೆ, ಎಡಗೈಯಿಂದ ನನ್ನ ಸೆರಗನ್ನು ಒಂಚೂರು ಸರಿಸಿ, ಎದೆಯ ಕಡೆ ಬಗ್ಗಿ 'ಥೂ, ಥೂ, ಥೂ' ಎಂದು ಮೂರು ಸಲ ಉಗಿಯುತ್ತಿದ್ದರು. ಉಗುಳೇನೂ ಬೀಳುವುದಿಲ್ಲ. ಬರೀ ಗಾಳಿ, ಬರೀ ಸದ್ದು. ಬೆಚ್ಚಿಬಿದ್ದ ಮಕ್ಕಳಿಗೆ ತಾಯಂದಿರು ಮಾಡುವುದು ಅದು. ಭಯ ಎದೆಯೊಳಗೆ ಗೂಡು ಕಟ್ಟುವ ಮೊದಲೇ ಎದ್ದು ಹೋಗಲಿ ಎಂದು.

ನಮ್ಮವ್ವ ಹೋದಾಗ ನನಗೆ ಐದು ವರ್ಷ. ಹೆಬ್ಬೂರಿನಲ್ಲಿ ದೊಡ್ಡಪ್ಪನ ಮನೆಯಲ್ಲಿ ಬೆಳೆದೆ. ಅನ್ನ ಬಟ್ಟೆಗೆ ಯಾರೂ ಕಡಿಮೆ ಮಾಡಲಿಲ್ಲ, ಸುಳ್ಳು ಹೇಳಬಾರದು. ಆದರೆ ನಾನು ಬೆಚ್ಚಿದರೆ 'ಇಷ್ಟ್ ದೊಡ್ಡೋಳಾಗಿ ಏನೇ ಇದು' ಎಂದು ನಗುವವರಿದ್ದರೇ ಹೊರತು ಎದೆಗೆ ಉಗಿಯುವವರು ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆ ಮೊದಲ ಸಲ ಹಾಗೆ ಮಾಡಿದಾಗ, ಆ ಬಿಸಿ ಗಾಳಿ ಎದೆಗೆ ತಾಗಿ ನನಗೆ ಅಳುವೇ ಬಂತು. ಸಿನಿಮಾ ಕಂಡು ಅಳುತ್ತಿದ್ದೇನೆಂದು ಅವರು ತಿಳಿದರು. ಹಾಗೇ ತಿಳಿಯಲಿ ಎಂದು ನಾನೂ ಸುಮ್ಮನೆ ಬಿಟ್ಟೆ.

ನಮ್ಮ ಕಡೆ 'ಉಗಿಸಿಕೊಂಡೆ' ಎಂದರೆ ಬೈಸಿಕೊಂಡೆ ಎಂದು ಅರ್ಥ. ಊರಿನ ಸೊಸೆಯರೆಲ್ಲ ಅತ್ತೆಯಿಂದ ಉಗಿಸಿಕೊಂಡು ಅಡುಗೆಮನೆಯಲ್ಲಿ ಮೂಗು ಒರೆಸುತ್ತಾರೆ. ನಾನೊಬ್ಬಳು ಉಗಿಸಿಕೊಳ್ಳಲೆಂದೇ ಮುದ್ದೆ ಉಂಡ ಕೈ ತೊಳೆದು ದಿವಾನಕ್ಕೆ ಓಡುತ್ತಿದ್ದೆ.

ನಮ್ಮ ಯಜಮಾನರು ಮಾತ್ರ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ರಜಾ ದಿನ ಅತ್ತೆ ಟೀವಿ ಹಾಕಿದರೆ, "ಕಾಸು ಕೊಟ್ಟು ಯಾಕವ್ವ ಹೆದ್ರುಕೋಬೇಕು? ನಮ್ ಸೂಪರ್‌ವೈಸರ್ ಬಿಟ್ಟಿಯಾಗೇ ಹೆದ್ರುಸ್ತಾನೆ," ಎಂದು ತೋಟದ ಕಡೆ ಹೊರಟುಬಿಡುತ್ತಿದ್ದರು. ತೋಟದಲ್ಲಿ ಒಬ್ಬರೇ ಇರಲೂ ಹೆದರಿ ಪಕ್ಕದ ತೋಟದವರನ್ನು ಕೂಗಿ ಕರೆದುಕೊಳ್ಳುತ್ತಿದ್ದರು ಎಂಬುದು ಬೇರೆ ಮಾತು.

ಅತ್ತೆ ಮಾತ್ರ ಒಂದು ಸಲವೂ ಬೆಚ್ಚಿದವರಲ್ಲ. ಎಲೆ ಅಡಿಕೆ ಮೆಲ್ಲುತ್ತಾ, ಕಾಳು ಬಿಡಿಸುತ್ತಾ ನೋಡುವರು. "ನಿಮಗೆ ಭಯಾನೇ ಆಗಲ್ವಾ ಅತ್ತೆ? ಮತ್ಯಾಕೆ ನೋಡ್ತೀರಾ?" ಎಂದು ಒಮ್ಮೆ ಕೇಳಿದ್ದೆ.

"ಸಿನಿಮಾ ದೆವ್ವ ನಿಯತ್ತಿಂದು ಕಣೇ ಸುಧಾ," ಎಂದಿದ್ದರು. "ಬರೋಕ್ ಮುಂಚೆ ಮ್ಯೂಜಿಕ್ ಹಾಕ್ಸುತ್ತೆ. ಮನುಷ್ರು ಹಾಕ್ಸಲ್ಲ."

ಹೀಗೆ ನಮ್ಮಿಬ್ಬರ ದೆವ್ವದ ಸಂಸಾರ ಸುಖವಾಗಿ ನಡೆದಿತ್ತು. ಹೋದ ವರ್ಷ ನನ್ನ ಮೈದುನ ಷಡಕ್ಷರಿಗೆ ಮದುವೆಯಾಗಿ ಕುಣಿಗಲ್‌ನಿಂದ ಕಾವ್ಯ ಬರುವ ತನಕ.

ಕಾವ್ಯ ಚೆಂದದ ಹುಡುಗಿ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳುವ ಮನಸ್ಸು ಇರುವುದಿಲ್ಲ. ಕೆಲಸಕ್ಕೆ ಚುರುಕು, ಮಾತಿಗೆ ಇನ್ನೂ ಚುರುಕು, ಕೈಯಲ್ಲಿ ಸದಾ ಫೋನು. ಬಂದ ವಾರದಲ್ಲೇ ನಮ್ಮ ಕಪ್ಪು ಸೀರೆಯ ಕತ್ತಲೆಗೆ ನುಗ್ಗಿ, "ಅತ್ತೆ, ನಾನೂ ಬರ್ಲಾ?" ಎಂದು ನನ್ನ ಜಾಗದಲ್ಲಿ ಕೂತಳು. ದಿವಾನದಲ್ಲಿ ಇಬ್ಬರಿಗೇ ಜಾಗ. ಹೊಸ ಸೊಸೆ ಎಂದು ನಾನು ದೊಡ್ಡ ಮನಸ್ಸು ಮಾಡಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡೆ. ದೊಡ್ಡ ಮನಸ್ಸು ಮಾಡಿದವರು ಉದ್ಧಾರವಾದದ್ದನ್ನು ನಾನು ಕಾಣೆ.

ಅವತ್ತಿನ ಸಿನಿಮಾದಲ್ಲಿ ಗೋಡೆಯಿಂದ ಒಂದು ಕೈ ಬಂತು. ನಾನು ಬೆಚ್ಚಿಬಿದ್ದೆ. ಕಾವ್ಯ ಕಿಸಕ್ಕನೆ ನಕ್ಕಳು.

"ಅತ್ತೆ, ಆ ಕೈ ನೋಡಿ. ವಾಚ್ ಕಟ್ಟಿರೋ ಜಾಗ ಬೆಳ್ಳಗಿದೆ! ಟೈಮ್ ನೋಡ್ಕೊಂಡ್ ಬಂದಿದೆ ದೆವ್ವ."

ಅತ್ತೆ ನಕ್ಕರು. ಸುಮ್ಮನೆ ನಕ್ಕಿದ್ದಲ್ಲ, ಬಾಯಲ್ಲಿದ್ದ ಎಲೆ ಅಡಿಕೆ ನೆತ್ತಿಗೇರಿ, ಕಣ್ಣಲ್ಲಿ ನೀರು ಬಂದು, ಕಾವ್ಯಳ ತೊಡೆಗೆ ಹೊಡೆದು ಹೊಡೆದು ನಕ್ಕರು. ಇಷ್ಟು ವರ್ಷದಲ್ಲಿ ನನ್ನ ಪಕ್ಕ ಕೂತು ಅವರು ಒಂದು ದಿನವೂ ಹಾಗೆ ನಕ್ಕಿರಲಿಲ್ಲ. ನಾನಿನ್ನೂ ಎದೆ ಹಿಡಿದುಕೊಂಡೇ ಇದ್ದೆ. ಪ್ಲಾಸ್ಟಿಕ್ ಕುರ್ಚಿಗೆ ಅತ್ತೆಯ ಎಡಗೈ ಎಟುಕುವುದಿಲ್ಲ ಎಂಬುದು ಆಗ ಗೊತ್ತಾಯಿತು.

ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಯಿತು. ಅಂದಿನಿಂದ ಮಧ್ಯಾಹ್ನವೆಂದರೆ ದಿವಾನದ ಮೇಲೆ ಅವರಿಬ್ಬರ ಕಲಕಲ, ಕುರ್ಚಿಯ ಮೇಲೆ ನನ್ನ ಕುದಿತ. ಅತ್ತೆ ಬೇರೆ, ಬೀದಿಯವರ ಮುಂದೆಲ್ಲ, "ನಮ್ ಕಾವ್ಯ ಗಂಡೆದೆಯೋಳು ಕಣ್ರೀ. ದೆವ್ವಾನೇ ಆಡ್ಕಂಡ್ ನಗ್ತಾಳೆ. ಸುಧಾ ಪಾಪ, ಪುಕ್ಲಿ," ಎಂದು ಹೇಳತೊಡಗಿದರು. ಪಾಪ ಎಂಬ ಮಾತು ನನಗೆ ಪುಕ್ಕಲಿ ಎಂಬ ಮಾತಿಗಿಂತ ಹೆಚ್ಚು ಚುಚ್ಚಿತು. ನನ್ನ ಹೊಟ್ಟೆಕಿಚ್ಚಿನಲ್ಲಿ ಅವತ್ತು ಒಂದು ಹಂಡೆ ನೀರು ಕಾಯಿಸಬಹುದಿತ್ತು.

ರಾತ್ರಿ ಯಜಮಾನರ ಹತ್ತಿರ ಹೇಳಿಕೊಂಡೆ. "ಬಿಡು ಅತ್ಲಾಗೆ, ದೆವ್ವ ನೋಡೋದ್ ತಪ್ತಲ್ಲ, ಖುಷಿ ಪಡು," ಎಂದು ಮಗ್ಗುಲಾದರು. ಗಂಡಸರಿಗೆ ಹೊಟ್ಟೆಕಿಚ್ಚನ್ನು ಬಿಡಿಸಿ ಹೇಳುವುದು ಕಷ್ಟ. ನಾನು ದೆವ್ವ ಕೇಳುತ್ತಿರಲಿಲ್ಲ, ದಿವಾನ ಕೇಳುತ್ತಿದ್ದೆ.

ಅತ್ತೆಗೆ ಬೇಕಾದದ್ದು ಗಂಡೆದೆ ತಾನೆ? ನಾನೂ ಮಾಡಿಕೊಳ್ಳುತ್ತೇನೆ ಎಂದು ಹಟ ಹಿಡಿದೆ. ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಾ, ಉಪ್ಪಿನ ಡಬ್ಬಕ್ಕೆ ಫೋನು ಒರಗಿಸಿ, ಒಂದಾದ ಮೇಲೊಂದು ದೆವ್ವದ ಸಿನಿಮಾ ನೋಡತೊಡಗಿದೆ. ಮೊದಮೊದಲು ಸೌಟು ಕೈಜಾರಿ ಬೀಳುತ್ತಿತ್ತು. ಆಮೇಲೆ ಒಂದು ಉಪಾಯ ಹೊಳೆಯಿತು, ಸದ್ದು ಪೂರ್ತಿ ತೆಗೆದುಬಿಟ್ಟೆ. ಸದ್ದಿಲ್ಲದ ದೆವ್ವ ಎಂದರೆ ಮುಖಕ್ಕೆ ಹಿಟ್ಟು ಮೆತ್ತಿಕೊಂಡು ಬಾಯಿ ತೆರೆದು ನಿಂತ ಹೆಂಗಸು, ಅಷ್ಟೇ. ಭಯವೆಲ್ಲ ಇದ್ದದ್ದು ಕಿವಿಯಲ್ಲಿ. ಆಮೇಲೆ ಚೂರು ಚೂರೇ ಸದ್ದು ಕೂಡಿಸಿಕೊಂಡು ಹೋದೆ. ಸಂಗೀತ ಜೋರಾಗಿ ಕೇಳಿಸಿದಾಗ ಬರುವುದು ಬೆಕ್ಕು, ಸಂಗೀತ ತಟ್ಟನೆ ನಿಂತಾಗ ಬರುವುದು ದೆವ್ವ. ಕನ್ನಡಿ ಇರುವ ಬೀರುವಿನ ಬಾಗಿಲು ತೆಗೆದರೆ, ಮುಚ್ಚುವಾಗ ಹಿಂದೆ ಯಾರೋ ಇದ್ದೇ ಇರುತ್ತಾರೆ. ಇದನ್ನೆಲ್ಲ ತಿಳಿದ ಮೇಲೆ ದೆವ್ವ ಬರುವುದು ಹೆಬ್ಬೂರು ಬಸ್ಸು ಬಂದಷ್ಟೇ ಮಾಮೂಲಾಯಿತು. ಕೊನೆಕೊನೆಗೆ ಗೋಡೆ ಸೀಳಿಕೊಂಡು ದೆವ್ವ ಬಂದರೂ ನಾನು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸುತ್ತಿರಲಿಲ್ಲ.

ಕಾವ್ಯ ಹಬ್ಬಕ್ಕೆಂದು ಕುಣಿಗಲ್‌ಗೆ ಹೋದಳು. ಬಸ್ಸು ಹೊರಟದ್ದೇ ತಡ, ನಾನು ಕಪ್ಪು ಸೀರೆ ಕಟ್ಟಿದೆ. ದಿವಾನದ ಎಡತುದಿಗೆ ನನ್ನ ಹಳೇ ಜಾಗದಲ್ಲಿ ಕೂತೆ. ಎದೆ ಡವಡವ ಎನ್ನುತ್ತಿದ್ದದ್ದು ದೆವ್ವಕ್ಕಲ್ಲ, ಅತ್ತೆ ಬೀದಿಯವರಿಗೆ ಇನ್ನು ಮೇಲೆ ಏನು ಹೇಳುತ್ತಾರೆ ಎಂಬ ಆಸೆಗೆ.

ಸಿನಿಮಾದಲ್ಲಿ ಸಂಗೀತ ನಿಂತಿತು. ಬಂತು ಎಂದುಕೊಂಡೆ. ಬಂತು. ಮಂಚದ ಕೆಳಗಿಂದ ಹಲ್ಲು ಕಿರಿದುಕೊಂಡು ಸರ್ರನೆ ಬಂತು. ನಾನು ರೆಪ್ಪೆಯನ್ನೂ ಮಿಟುಕಿಸಲಿಲ್ಲ. ಪಕ್ಕಕ್ಕೆ ತಿರುಗಿ ನೋಡಿದರೆ ಅತ್ತೆಯ ಎಡಗೈ ಅಭ್ಯಾಸಬಲದಿಂದ ನನ್ನ ಸೆರಗಿನ ತನಕ ಬಂದು ನಿಂತಿತ್ತು. ಬಾಯಿ ಥೂ ಎನ್ನಲು ಸಿದ್ಧವಾಗಿ ಗುಂಡಗಾಗಿತ್ತು.

"ಭಯ ಆಗ್ಲಿಲ್ವೇನೇ?"

"ಇಲ್ಲ ಅತ್ತೆ. ಈಗ ನನಗೂ ಭಯ ಆಗಲ್ಲ," ಎಂದೆ, ಬಹುಮಾನ ಗೆದ್ದ ಮಗುವಿನಂತೆ.

"ಓ," ಎಂದರು ಅತ್ತೆ. ಕೈ ಹಿಂದಕ್ಕೆ ಹೋಯಿತು. ಬಾಯಿ ಮುಚ್ಚಿತು. ಟೀವಿ ಕಡೆ ತಿರುಗಿಕೊಂಡು, "ಭಯ ಆಗ್ದೇ ಇದ್ಮೇಲೆ ಸುಮ್ನೆ ಯಾಕ್ ಕೂತಿದೀಯಾ? ಹೋಗಿ ರಾಗಿ ಹಿಟ್ಟು ಜರಡಿ ಹಿಡಿ ಹೋಗು," ಎಂದರು.

ಹಿಟ್ಟು ಜರಡಿ ಹಿಡಿಯುತ್ತಾ ಅತ್ತುಬಿಟ್ಟೆ. ನನ್ನ ತಲೆಯ ಮೇಲೆ ನಾನೇ ಕೈಯಾರೆ ಕಲ್ಲು ಎಳೆದುಕೊಂಡಿದ್ದೆ. ಕಾವ್ಯಳಿಗೆ ಸಿಕ್ಕಿದ್ದು ನಗು. ನನಗೆ ಸಿಕ್ಕುತ್ತಿದ್ದದ್ದು ಥೂ. ಅವಳ ನಗು ಬೇಕೆಂದು ಆಸೆಪಟ್ಟು ನನ್ನ ಥೂ ಕಳೆದುಕೊಂಡಿದ್ದೆ. ಮತ್ತೆ ಭಯಪಡೋಣ ಎಂದರೆ ಭಯ ಬರಬೇಕಲ್ಲ? ಕಲಿತದ್ದನ್ನು ಮರೆಯುವುದು ಹೇಗೆಂದು ಯಾವ ಫೋನಿನಲ್ಲೂ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರುತ್ತಿದ್ದೆನೇನೋ. ಕಾವ್ಯ ಹಬ್ಬ ಮುಗಿಸಿ ಬಂದ ಮೇಲೆ ಒಂದು ದಿನ ಬೀದಿಯ ಕೊನೆ ಮನೆಯ ಲಕ್ಷ್ಮೀದೇವಮ್ಮ ನೀರು ಹಿಡಿಯುವಾಗ ನಗುತ್ತಾ ಫೋನು ತೋರಿಸಿದರು. "ನಿಮ್ಮತ್ತೆ ಫೇಮಸ್ ಆಗೋದ್ರು ಕಣೇ ಸುಧಾ!" ಕಾವ್ಯ ಹಾಕಿದ್ದ ವಿಡಿಯೋ. ಅದರಲ್ಲಿ ನಮ್ಮ ನಡುಮನೆ, ನಮ್ಮ ದಿವಾನ. ಟೀವಿಯಲ್ಲಿ ದೆವ್ವ ಅರಚಿತು. ಕಾವ್ಯ 'ಅಯ್ಯಮ್ಮಾ' ಎಂದು ಬೆಚ್ಚಿಬಿದ್ದಳು. ಅತ್ತೆ ಎಡಗೈಯಿಂದ ಅವಳ ವೇಲು ಸರಿಸಿ, ಎದೆಗೆ ಬಗ್ಗಿ, ಥೂ, ಥೂ, ಥೂ.

ಕಣ್ಣಿಗೆ ಖಾರದ ಪುಡಿ ಎರಚಿದಂತಾಯಿತು. ದೆವ್ವದ ಕೈಯಲ್ಲಿ ವಾಚಿನ ಗುರುತು ಹುಡುಕುವವಳಿಗೆ ಭಯವೆ? ಬೆಚ್ಚಿದ್ದು ಹಸಿ ಸುಳ್ಳು. ಬೆಚ್ಚುವ ಮೊದಲು ಅವಳು ಕೂದಲು ಸರಿಮಾಡಿಕೊಂಡದ್ದು ಕೂಡ ಅದರಲ್ಲಿ ಕಾಣುತ್ತಿತ್ತು. ಗುಬ್ಬಿ ನಾಟಕದ ಊರು ಎನ್ನುತ್ತಾರೆ. ಈ ಹುಡುಗಿ ಕುಣಿಗಲ್‌ನಿಂದಲೇ ಕಲಿತು ಬಂದಿದ್ದಳು. ಆ 'ಅಯ್ಯಮ್ಮಾ' ಕೂಡ ನನ್ನದು, ನನ್ನ ಬಾಯಿಯಿಂದ ಕದ್ದದ್ದು. ನಾನು ಲಕ್ಷ್ಮೀದೇವಮ್ಮನಿಗೆ ಫೋನು ವಾಪಸು ಕೊಟ್ಟು ತುಂಬದ ಬಿಂದಿಗೆ ಎತ್ತಿಕೊಂಡು ಬಂದೆ.

ಆ ವಿಡಿಯೋಗೆ ಜನ ಮುಗಿಬಿದ್ದ ಖುಷಿಗೆ ಕಾವ್ಯ ಇನ್ನೊಂದು ಹೆಜ್ಜೆ ಮುಂದೆ ಹೋದಳು. "ಅತ್ತೆ, ತುಮಕೂರು ಮಾಲ್‌ನಲ್ಲಿ ಹೊಸ ದೆವ್ವದ್ ಪಿಕ್ಚರ್ ಬಂದಿದೆ. ಭಾನುವಾರ ಹೋಗೋಣ. ಟಿಕೆಟ್ ಬುಕ್ ಮಾಡ್ದೆ."

ಅತ್ತೆಯ ಮುಖ ಅರಳಿತು. ಥಿಯೇಟರಿನಲ್ಲಿ ಸಿನಿಮಾ ನೋಡಿ ಅವರಿಗೆ ಕಾಲವಾಗಿತ್ತು. ಬೆಳ್ಳಾವಿಯಲ್ಲಿ ಹುಡುಗಿಯಾಗಿದ್ದಾಗ ಟೆಂಟಿನಲ್ಲಿ ನೋಡಿದ್ದರಂತೆ, ಮರಳಿನ ಮೇಲೆ ಅವರವ್ವನ ತೊಡೆಯ ಮೇಲೆ ಕೂತು. ಮದುವೆಯಾದ ಮೇಲೆ ಮಾವನವರು ಸಿನಿಮಾ ಎಂದರೆ ಕೆಂಡವಾಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಟೀವಿ ಬಂತು, ಅದಾದ ಮೇಲೆ ನಾನು ಬಂದೆ.

"ಎಷ್ಟ್ ಟಿಕೆಟ್ ಬುಕ್ ಮಾಡ್ದೆ?" ಎಂದು ಕೇಳಿದೆ.

"ಎರಡು ಅಕ್ಕ. ನಿಮಗೆ ಈಗ ಇಂಟ್ರೆಸ್ಟ್ ಹೋಗಿದೆ ಅಂತ ಅತ್ತೆ ಅಂತಿದ್ರು."

"ಹೋಗಿಲ್ಲ. ನಾನೂ ಬರ್ತೀನಿ," ಎಂದೆ. ಆ ಮಾತು ಜೋರಾಗಿಯೇ ಬಂದಿರಬೇಕು, ಕಾವ್ಯ ತಕ್ಷಣ ಫೋನು ತೆಗೆದು ಅತ್ತೆಯ ಇನ್ನೊಂದು ಪಕ್ಕದ ಸೀಟನ್ನು ನನಗೆ ಬುಕ್ ಮಾಡಿದಳು.

ಭಾನುವಾರ ಬಸ್ಸಿನಲ್ಲಿ ತುಮಕೂರಿಗೆ ಹೋದೆವು. ಮಾಲ್‌ನ ಎಸ್ಕಲೇಟರ್ ಹತ್ತಲು ಅತ್ತೆ ಒಪ್ಪದೆ ಮೆಟ್ಟಿಲು ಹುಡುಕಿಕೊಂಡು ಮೂರು ಮಹಡಿ ಏರಿದೆವು. ಒಳಗೆ ಎಸಿಗೆ ಅತ್ತೆ ಸೆರಗು ಹೊದ್ದು ಮುದುರಿಕೊಂಡರು. ನಡುವೆ ಅವರು, ಬಲಕ್ಕೆ ಕಾವ್ಯ, ಎಡಕ್ಕೆ ನಾನು. ಕಾವ್ಯ ಫೋನನ್ನು ಮಡಿಲಲ್ಲಿ ಅತ್ತೆಯ ಮುಖಕ್ಕೆ ತಿರುಗಿಸಿ ಇಟ್ಟುಕೊಂಡಳು. "ನಿಮ್ ಧೈರ್ಯ ಜನ ನೋಡ್ಲಿ ಅತ್ತೆ," ಎಂದಳು. ಅತ್ತೆಯ ಎಡಗೈ ನನ್ನ ಕಡೆ ಇತ್ತು. ಅದು ಸೆರಗಿನೊಳಗೆ ಬೆಚ್ಚಗೆ ಮಲಗಿತ್ತು. ನನಗಾಗಿ ಹೊರಗೆ ಬರುವ ಲಕ್ಷಣವಿರಲಿಲ್ಲ.

ದೀಪ ಆರಿತು. ಮೊದಲ ಅರ್ಧ ಗಂಟೆ ಅತ್ತೆ ಎಂದಿನಂತೆ ಇದ್ದರು. ಕಾವ್ಯ ಕಿವಿಯಲ್ಲಿ ಏನೋ ಹೇಳುವುದು, ಅತ್ತೆ ಕುಲುಕುಲು ನಗುವುದು. ನಾನು ಪರದೆಯನ್ನು ನೋಡುತ್ತಿರಲಿಲ್ಲ, ಅವರಿಬ್ಬರನ್ನೇ ನೋಡುತ್ತಿದ್ದೆ. ಪರದೆಯ ಮೇಲೆ ಒಬ್ಬಳು ಹುಡುಗಿ ಖಾಲಿ ಮನೆಯಲ್ಲಿ ಓಡಾಡುತ್ತಿದ್ದಳು. ಸಂಗೀತ ನಿಂತಿತು. ಈಗ ಎದುರಿನ ಬಾಗಿಲಿನಿಂದ ಬರುತ್ತದೆ ಎಂದು ನನಗೆ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು.

ಎದುರಿನಿಂದ ಬರಲಿಲ್ಲ. ಹಿಂದಿನಿಂದ ಬಂತು. ನಮ್ಮ ಬೆನ್ನ ಹಿಂದಿನ ಗೋಡೆಯ ಸ್ಪೀಕರಿನಿಂದ, ಕುರ್ಚಿ ನಡುಗುವಂತೆ, ಮುದುಕಿಯೊಬ್ಬಳ ದನಿ ಕೂಗಿತು: "ಬಂದ್ಯೇನೇ ಮಗಾ?"

ಟೀವಿಯ ದೆವ್ವ ಎಂದೂ ಅತ್ತೆಯ ಬೆನ್ನ ಹಿಂದೆ ಬಂದಿರಲಿಲ್ಲ. ಅವರು ಕೂತಲ್ಲಿಂದ ಅರ್ಧ ಎದ್ದು, ಹಿಂದಕ್ಕೆ ತಿರುಗಿ, "ಅವ್ವಾ!" ಎಂದು ಕೂಗಿದರು. ಶಿವನೇ ಎನ್ನಲಿಲ್ಲ, ಅಯ್ಯೋ ಎನ್ನಲಿಲ್ಲ. ಪುಟ್ಟ ಹುಡುಗಿಯ ದನಿಯಲ್ಲಿ ಅವ್ವಾ ಎಂದರು. ನನ್ನ ಮುಂಗೈಯನ್ನು ಹಿಡಿದ ಅವರ ಎಡಗೈ ತಣ್ಣಗೆ ಕೊರೆಯುತ್ತಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು.

"ಅತ್ತೆ ಹೆದ್ರುಕೊಂಡ್ರು! ಫಸ್ಟ್ ಟೈಮ್!" ಎಂದು ಕಾವ್ಯ ನಗುತ್ತಾ ಫೋನು ಮೇಲೆತ್ತಿದಳು.

ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಮಾಡುತ್ತಿರಲಿಲ್ಲ. ನನ್ನ ಎಡಗೈ ಅವರ ಹಿಡಿತದಲ್ಲೇ ಇತ್ತು. ಬಲಗೈಯಿಂದ ಅತ್ತೆಯ ಸೆರಗು ಸರಿಸಿ, ಎದೆಗೆ ಬಗ್ಗಿ, "ಥೂ, ಥೂ, ಥೂ," ಎಂದೆ.

ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದ ಹೊತ್ತು, ನನ್ನ ಥೂ ಇಡೀ ಸಾಲಿಗೆ ಕೇಳಿಸಿತು. ಹಿಂದಿನ ಸೀಟಿನ ಹೆಂಗಸು, "ನೋಡ್ರೀ ಕಾಲಾನಾ, ಸೊಸೆ ಅತ್ತೆಗೇ ಉಗಿತಾ ಅವ್ಳೆ," ಎಂದಳು. ಆಗ ನನಗೆ ಎಚ್ಚರವಾಯಿತು. ಇದು ದೊಡ್ಡವರು ಚಿಕ್ಕವರಿಗೆ ಮಾಡುವುದು. ಆಶೀರ್ವಾದದಂತೆ ಮೇಲಿನಿಂದ ಕೆಳಗೇ ಬರಬೇಕು. ಚಿಕ್ಕವರು ದೊಡ್ಡವರಿಗೆ ಮಾಡಿದರೆ ಅದು ಉಗಿದಂತೆಯೇ ಲೆಕ್ಕ. ಗಂಡನ ತಾಯಿಯ ಎದೆಗೆ ಬಗ್ಗಿ ಥೂ ಎಂದ ಸೊಸೆ ನಮ್ಮ ವಂಶದಲ್ಲಿ ಯಾರೂ ಇದ್ದಿರಲಾರರು.

ಅತ್ತೆ ನನ್ನನ್ನೇ ನೋಡುತ್ತಿದ್ದರು. ಆ ನೋಟ ನನಗೆ ಅರ್ಥವಾಗಲಿಲ್ಲ. ಮೆಲ್ಲಗೆ ನನ್ನ ಮುಂಗೈ ಬಿಟ್ಟರು, ಸೆರಗು ಹೊದ್ದುಕೊಂಡರು. ಉಳಿದ ಸಿನಿಮಾದಲ್ಲಿ ಕಾವ್ಯ ಏನು ಹೇಳಿದರೂ ನಗಲಿಲ್ಲ. ಬಸ್ಸಿನಲ್ಲಿ ಗುಬ್ಬಿ ಬರುವ ತನಕ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಮಾರನೇ ದಿನ ಮಧ್ಯಾಹ್ನ ನಾನು ಕಪ್ಪು ಸೀರೆ ತಂದರೆ, "ಇವತ್ ಬ್ಯಾಡ ಬುಡು," ಎಂದು ಒಳಗೆ ಹೋಗಿ ಮಲಗಿದರು.

ಮುಗಿಯಿತು ಎಂದುಕೊಂಡೆ. ಇಷ್ಟು ದಿನ ದಿವಾನ ಹೋಗಿತ್ತು, ಈಗ ಅತ್ತೆಯೇ ಕೈತಪ್ಪಿ ಹೋದರು. ಕಾವ್ಯಳ ಮೇಲೆ ಎಷ್ಟು ಉರಿದರೂ ಪ್ರಯೋಜನವಿಲ್ಲ, ಉಗಿದವಳು ನಾನು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ; ನನ್ನ ಕಾಲ ಬರುವ ಮೊದಲೇ ಮುಗಿದಿತ್ತು.

ಇತ್ತ ಕಾವ್ಯ ಅವತ್ತೇ ಆ ವಿಡಿಯೋದ ಒಂದು ತುಂಡನ್ನು ತಮಾಷೆಗೆಂದು ಸ್ಟೇಟಸ್‌ಗೆ ಹಾಕಿದ್ದಳು. ಕತ್ತಲಲ್ಲಿ ಅತ್ತೆ ಬೆಚ್ಚಿದ್ದು ಸರಿಯಾಗಿ ಕಾಣುತ್ತಿರಲಿಲ್ಲವಂತೆ. ಕಾಣುತ್ತಿದ್ದದ್ದು ಒಂದೇ: ನಾನು ಅತ್ತೆಯ ಮೇಲೆ ಬಗ್ಗಿ ಥೂ ಎನ್ನುವುದು. ಅದು ಕುಣಿಗಲ್ ತಲುಪಲು ಎಷ್ಟು ಹೊತ್ತು ಬೇಕು? ಮಾರನೇ ದಿನ ಸಂಜೆಯ ಮೊದಲೇ ಕಾವ್ಯಳ ತಾಯಿ ಸರ್ವಮಂಗಳಮ್ಮ ಎರಡು ಮೊಳ ಮಲ್ಲಿಗೆ, ಒಂದು ಪೊಟ್ಟಣ ಬೆಣ್ಣೆ ಬಿಸ್ಕತ್ತು ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು.

ಕೂತು ನೀರು ಕುಡಿದ ಮೇಲೆ ಬೀಗಿತ್ತಿ ಮಾತು ತೆಗೆದರು. ನಾನು ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ನನಗೆ ಕೇಳಲಿ ಎಂದೇ ದನಿ ಎತ್ತರಿಸಿದರು.

"ನಮಗ್ಯಾಕೆ ಅನ್ಕಂಡೆ ಬೀಗಿತ್ತಮ್ಮ, ಆದ್ರೂ ಮನಸ್ ತಡೀಲಿಲ್ಲ. ದೊಡ್ ಸೊಸೆ ನಾಲ್ಕ್ ಜನದ್ ಮುಂದೆ ನಿಮಗೆ ಉಗಿದ್ಲಂತೆ. ನಮ್ ಬೀದಿಯೋರೆಲ್ಲ ಫೋನ್‌ನಾಗೆ ನೋಡವ್ರೆ. ಇಂಥ ಮನೇಲಿ ನನ್ ಮಗ್ಳು ಏನ್ ಕಲಿತಾಳೋ ಅಂತ ಹೆದ್ರುಕೆ ಆಯ್ತು."

"ಅಮ್ಮಾ, ಸುಮ್ನಿರಮ್ಮ! ಅದು ಕಾಮಿಡಿಗೆ ಹಾಕಿದ್ದು," ಎಂದು ಕಾವ್ಯ ಓಡಿ ಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು. ಅವಳು ನಿಜವಾಗಿ ಹೆದರಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಒಳ್ಳೆಯದೇ ಆಯಿತು ಎನ್ನಿಸಿತು.

ಅತ್ತೆ ಕೈ ಚಾಚಿ, "ಎಲ್ಲಿ, ತೋರ್ಸು," ಎಂದರು. ಕಾವ್ಯ ಫೋನು ಕೊಟ್ಟಳು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. ಥೂ, ಥೂ, ಥೂ ಎಂದಿತು ಫೋನು. ಇನ್ನೊಂದು ಸಲ ಹಾಕಿಸಿ ನೋಡಿದರು. ನನ್ನ ಕೈಯ ಲೋಟದಲ್ಲಿ ಕಾಫಿ ತಣ್ಣಗಾಗಿತ್ತು. ಈ ಮನೆಯಲ್ಲಿ ನಾನು ಇನ್ನು ಯಾರು ಎಂಬುದು ಅವರ ಮುಂದಿನ ಮಾತಿನಲ್ಲಿತ್ತು.

"ಹೌದು," ಎಂದರು ಅತ್ತೆ. "ಉಗಿದ್ಲು. ಮೂರು ಸಲ."

"ನೋಡಿದ್ರಾ ಮತ್ತೆ!" ಎಂದರು ಸರ್ವಮಂಗಳಮ್ಮ.

"ನಮ್ಮವ್ವ ಸತ್ತಾಗ ನನಗಿನ್ನೂ ಮದ್ವೆ ಆಗಿರ್ನಿಲ್ಲ," ಎಂದರು ಅತ್ತೆ, ಬೀಗಿತ್ತಿಯ ಮಾತು ಕೇಳಿಸದವರಂತೆ. "ಆಮೇಕೆ ಯಾರೂ ನನ್ನೆದೆಗೆ ಉಗಿದಿರ್ನಿಲ್ಲ. ನಮ್ಮೆಜಮಾನ್ರು ಸಾಯೋವಾಗ ಹೆದ್ರುಕೆ ಆಗಿತ್ತು. ಹುಡುಗ್ರು ಸಣ್ಣೋವು, ತೋಟದಾಗ್ ಒಬ್ಳೇ ನೀರ್ ಕಟ್ಟೋವಾಗ ಆಗಿತ್ತು. ಶಿವರುದ್ರಮ್ಮಂಗೆ ಭಯಾನೇ ಇಲ್ಲ ಅಂತ ಊರೋರೆಲ್ಲ ಅಂತಿದ್ರು. ಉಗಿಯೋರಿಲ್ದಿದ್ ಮೇಲೆ ಬೆಚ್ಚಿ ಏನ್ ಮಾಡ್ಲಿ ಬೀಗಿತ್ತಮ್ಮ? ಅದಕ್ಕೇ ಬೆಚ್ಚೋದೇ ಬುಟ್ಟಿದ್ದೆ."

ಸರ್ವಮಂಗಳಮ್ಮ ಬಿಸ್ಕತ್ತಿನ ಪೊಟ್ಟಣದ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದರು. ಅತ್ತೆ ನನ್ನ ಕಡೆ ತಿರುಗಿದರು.

"ನಿಂತ್ಕಂಡ್ ಏನ್ ನೋಡ್ತಿದೀಯೇ? ನಿನ್ನೆಯಿಂದ ಎದೆ ಹಗೂರಾಗಿ ನಿದ್ದೆ ಎಳೀತಾ ಐತೆ ನನಗೆ. ಕಾಫಿ ಕೊಡು."

ನಾನು ಕೊಟ್ಟೆ. ತಣ್ಣಗಾದದ್ದನ್ನು ಬಿಸಿ ಮಾಡಬೇಕೆಂಬುದೂ ಹೊಳೆಯಲಿಲ್ಲ. ಕಣ್ಣು ತುಂಬಿ ಬಂದಿತ್ತು, ಮುಚ್ಚಿಡಲಿಲ್ಲ. ಈ ಸಲ ನೆಪ ಹೇಳಲು ಸಿನಿಮಾ ಕೂಡ ಇರಲಿಲ್ಲ.

ಬೀಗಿತ್ತಿ ಕೈ ತೊಳೆಯಲು ಹಿತ್ತಲಿಗೆ ಹೋದಾಗ ಕಾವ್ಯ ನನ್ನ ಹತ್ತಿರ ಬಂದಳು. ದಿವಾನದ ಕಡೆ ಒಮ್ಮೆ, ಅತ್ತೆಯ ಕಡೆ ಒಮ್ಮೆ ನೋಡಿದಳು. ಆ ನೋಟವನ್ನು ನಾನು ಚೆನ್ನಾಗಿ ಬಲ್ಲೆ. ಒಂದು ವರ್ಷದಿಂದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನಾನು ನೋಡುತ್ತಿದ್ದದ್ದು ಅದೇ ನೋಟ.

"ಸಾರಿ ಅಕ್ಕ," ಎಂದಳು ಸಣ್ಣಗೆ. "ಈಗ್ಲೇ ಡಿಲೀಟ್ ಮಾಡ್ಬಿಡ್ತೀನಿ."

ನಾನು ಅವಳ ಕೈಯ ಮೇಲೆ ಕೈಯಿಟ್ಟು ತಡೆದೆ.

"ಬ್ಯಾಡ ಬುಡು," ಎಂದೆ. "ಇನ್ನೆಷ್ಟೊತ್ತು ಇರುತ್ತೋ ಅಷ್ಟೊತ್ತೂ ಇರ್ಲಿ. ಕುಣಿಗಲ್‌ನೋರು ಯಾರಾದ್ರೂ ನೋಡ್ದೇ ಇರೋರು ಇದ್ರೆ, ಅವರೂ ನೋಡ್ಲಿ."